ಯೂನಿಸೈಕಲ್‌ಗೆ ಗಟ್ಟಿ ಚಕ್ರ ಕಟ್ಟಿದ್ದು

ಯೂನಿಸೈಕಲ್‌ನಲ್ಲಿ ಇರುವುದೇ ಒಂದು ಚಕ್ರ. ಚೈನ್ ಇಲ್ಲ, ಫ್ರೀವೀಲ್ ಇಲ್ಲ, ಭಾರ ಹಂಚಿಕೊಳ್ಳಲು ಇನ್ನೊಂದು ಚಕ್ರವೂ ಇಲ್ಲ. ಕ್ರ್ಯಾಂಕ್‌ಗಳು, ಅಂದರೆ ಪೆಡಲ್ ಹಿಡಿದ ತೋಳುಗಳು, ನೇರವಾಗಿ ಚಕ್ರದ ನಡುವಿನ ಹಬ್‌ನ ಆಕ್ಸಲ್‌ಗೇ ಕೂತಿರುತ್ತವೆ. ಮುಂದಕ್ಕೆ ತುಳಿದರೂ, ನಿಲ್ಲಿಸಲು ಹಿಂದಕ್ಕೆ ಒತ್ತಿದರೂ, ಬಂಡೆಯಿಂದ ಕೆಳಕ್ಕೆ ಹಾರಿದರೂ ಎಲ್ಲವನ್ನೂ ತಡೆದುಕೊಳ್ಳಬೇಕಾದ್ದು ಆ ಒಂದೇ ಚಕ್ರದ ಕಡ್ಡಿಗಳು (ಸ್ಪೋಕ್). ಮಣ್ಣಿನ ದಾರಿ, ಬೇರು, ಕಲ್ಲು, ಮೆಟ್ಟಿಲು ಅಂತ ಓಡಿಸಲು ಶುರು ಮಾಡಿದ ಮೇಲೆ ನನ್ನ 26 ಇಂಚಿನ ಯೂನಿಸೈಕಲ್‌ನ ಚಕ್ರ ನಿಧಾನಕ್ಕೆ ಕೈಕೊಡಲು ಶುರುವಾಯಿತು.

ಮೊದಲು ಬಂದಿದ್ದು ಸದ್ದು. ಜೋರಾಗಿ ತುಳಿದಾಗ ಕಡ್ಡಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು. ಆಮೇಲೆ ರಿಮ್ ಪಕ್ಕಕ್ಕೆ ಓಲಾಡತೊಡಗಿತು. ಬಿಗಿ ಮಾಡಿದರೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಸಡಿಲಾಗುತ್ತಿತ್ತು. ಕೊನೆಗೆ ಕಡ್ಡಿಗಳು ಒಂದೊಂದಾಗಿ ಮುರಿದವು. ಜೊತೆಗೆ ಓಡಿಸುವ ಗೆಳೆಯ "ದಪ್ಪ ಕಡ್ಡಿ ಹಾಕಿಬಿಡು ಮಾರಾಯ, ಮುಗೀತು" ಅಂದ. ಯಾರಿಗಾದರೂ ಮೊದಲು ಹೊಳೆಯುವುದು ಇದೇ ಅಲ್ವಾ? ದಪ್ಪ ಇದ್ದರೆ ಗಟ್ಟಿ. ಆದರೆ ಮುರಿದ ಕಡ್ಡಿಗಳನ್ನು ನಾನು ಎಸೆಯದೆ ಇಟ್ಟುಕೊಂಡಿದ್ದೆ. ಅವು ಬೇರೆಯೇ ಕಥೆ ಹೇಳುತ್ತಿದ್ದವು.

ಎಲ್ಲವೂ ಒಂದೇ ಜಾಗದಲ್ಲಿ ಮುರಿದಿದ್ದವು. ಹಬ್‌ನ ತೂತಿನಿಂದ ಹೊರಬಂದು ಬಾಗುತ್ತದಲ್ಲ, ಆ ಬಾಗಿನಲ್ಲಿ. ನಡುಭಾಗದಲ್ಲಿ ತುಂಡಾದದ್ದು ಒಂದೂ ಇರಲಿಲ್ಲ. ತಂತಿಯನ್ನು ಎಳೆದು ಎಳೆದು ಕಿತ್ತರೆ ತುಂಡಾಗುವ ಮೊದಲು ಆ ಜಾಗ ಸಣ್ಣಗಾಗುತ್ತದೆ. ಇವುಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಕತ್ತರಿಸಿದ ಹಾಗೆ ಚಪ್ಪಟೆಯಾಗಿದ್ದವು. ಅಂದರೆ ಭಾರ ತಡೆಯದೆ ಕಿತ್ತುಹೋದದ್ದಲ್ಲ, ಸಡಿಲ-ಬಿಗಿ, ಸಡಿಲ-ಬಿಗಿ ಅಂತ ಸಾವಿರಾರು ಸಲ ಆಡಿ ಲೋಹ ದಣಿದು ಮುರಿದದ್ದು.

ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಚಕ್ರ ಭಾರ ಹೊರುವ ರೀತಿ ನೋಡಬೇಕು. ನಾವು ಹತ್ತಿ ಕೂತಾಗ ರಿಮ್‌ನ ಕೆಳಭಾಗ ನೆಲಕ್ಕೆ ಒತ್ತಿ ಒಂಚೂರು ಒಳಕ್ಕೆ ಹೋಗುತ್ತದೆ. ಆಗ ಕೆಳಗಿನ ಕೆಲವೇ ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಮೇಲಿನ ಕಡ್ಡಿಗಳಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಚಕ್ರ ಒಂದು ಸುತ್ತು ಉರುಳಿದರೆ ಪ್ರತಿ ಕಡ್ಡಿಯೂ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ಮೊದಲೇ ಸಾಕಷ್ಟು ಬಿಗಿ ಇದ್ದರೆ ಈ ಏರಿಳಿತದಿಂದ ಏನೂ ಆಗುವುದಿಲ್ಲ. ಬಿಗಿ ಕಡಿಮೆ ಇದ್ದ ಕಡ್ಡಿ ಕೆಳಗೆ ಬಂದಾಗ ಪೂರ್ತಿ ಸಡಿಲಾಗುತ್ತದೆ. ಹಬ್‌ನ ತೂತಿನಲ್ಲಿ ಅಲುಗಾಡುತ್ತದೆ. ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಚಿಕ್ಕ ನಟ್, ಅಂದರೆ ನಿಪ್ಪಲ್, ತಾನಾಗಿಯೇ ತಿರುಗಿ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಅದು ಹೊರಬೇಕಾದ ಪಾಲು ಅಕ್ಕಪಕ್ಕದವಕ್ಕೆ ಹೋಗುತ್ತದೆ. ನನ್ನ ಹಳೆಯ ಚಕ್ರದಲ್ಲಿ ಆಗಿದ್ದು ಇದೇ. ಕಾರ್ಖಾನೆಯಿಂದ ಬಂದಾಗಲೇ ಅದರ ಬಿಗಿ ಕಡಿಮೆ ಇತ್ತು. ಇದ್ದ ಬಿಗಿಯೂ ಒಂದೊಂದು ಕಡ್ಡಿಗೆ ಒಂದೊಂದು ಥರ ಇತ್ತು.

ಹಾಗಾದರೆ ದಪ್ಪ ಕಡ್ಡಿ ಯಾಕೆ ಬೇಡ? ಸಣ್ಣ ಲೆಕ್ಕ ಹಾಕಿ ನೋಡಿದೆ. ನನ್ನ ಚಕ್ರಕ್ಕೆ ಬೇಕಾದ ಕಡ್ಡಿ ಸುಮಾರು 256 ಮಿ.ಮೀ. ಉದ್ದ. ಅದನ್ನು 110 ಕೆಜಿ ಬಲದಿಂದ ಎಳೆದರೆ ಎಷ್ಟು ಹಿಗ್ಗುತ್ತದೆ? ನಡುಭಾಗ 1.8 ಮಿ.ಮೀ. ಇರುವ ಕಡ್ಡಿ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. 2.3 ಮಿ.ಮೀ. ದಪ್ಪದ ಕಡ್ಡಿ ಹಿಗ್ಗುವುದು ಸುಮಾರು 0.34 ಮಿ.ಮೀ. ಮಾತ್ರ. ಈಗ ಜೋರಾಗಿ ಹಾರಿ ಇಳಿದಾಗ ರಿಮ್ 0.4 ಮಿ.ಮೀ. ಒಳಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ದಪ್ಪ ಕಡ್ಡಿಯ ಬಿಗಿ ಅಷ್ಟರಲ್ಲಿ ಪೂರ್ತಿ ಖಾಲಿ. ತೆಳು ಕಡ್ಡಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಅದು ಅಲುಗಾಡುವುದಿಲ್ಲ, ನಿಪ್ಪಲ್ ಬಿಚ್ಚುವುದಿಲ್ಲ. ಹಿಗ್ಗುವ ಗುಣ ಇರುವುದರಿಂದ ಭಾರವೂ ಅಕ್ಕಪಕ್ಕದ ಕಡ್ಡಿಗಳಿಗೆ ಚೆನ್ನಾಗಿ ಹರಡುತ್ತದೆ. ಅದಕ್ಕೇ ನಾನು ಎರಡೂ ತುದಿಯಲ್ಲಿ 2 ಮಿ.ಮೀ., ನಡುವೆ 1.8 ಮಿ.ಮೀ. ಇರುವ ಬಟೆಡ್ ಕಡ್ಡಿಗಳನ್ನು ಆರಿಸಿಕೊಂಡೆ. ಮುರಿಯುವ ಜಾಗ ಬಾಗು, ಅಲ್ಲಿ ದಪ್ಪ ಹಾಗೇ ಇದೆ. ಹಿಗ್ಗಬೇಕಾದ ಜಾಗ ನಡುಭಾಗ, ಅಲ್ಲಿ ತೆಳುವಾಗಿದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸಾಪಿಮ್, ಡಿಟಿ ಸ್ವಿಸ್ ಕಂಪನಿಗಳು ಇಂಥವನ್ನು ತಯಾರಿಸುತ್ತವೆ.

ಪಕ್ಕದಿಂದ ಬೀಳುವ ಬಲದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಯೂನಿಸೈಕಲ್ ಚಕ್ರ ಸಾಮಾನ್ಯ ಸೈಕಲ್ ಚಕ್ರಕ್ಕಿಂತ ಬೇರೆಯಾಗುವುದೇ ಇಲ್ಲಿ. ಸೈಕಲ್ ತಿರುವಿನಲ್ಲಿ ವಾಲುತ್ತದೆ. ಹಾಗಾಗಿ ಬಲ ಹೆಚ್ಚುಕಡಿಮೆ ಚಕ್ರದ ನೇರಕ್ಕೇ ಬೀಳುತ್ತದೆ. ಯೂನಿಸೈಕಲ್‌ನಲ್ಲಿ ಹಾಗಲ್ಲ. ಪೆಡಲ್ ಇರುವುದು ಚಕ್ರದ ಪಕ್ಕಕ್ಕೆ. ಬಲಗಾಲು ಒತ್ತಿದಾಗ ಚಕ್ರ ಬಲಕ್ಕೆ ವಾಲಲು ನೋಡುತ್ತದೆ, ಎಡಗಾಲು ಒತ್ತಿದಾಗ ಎಡಕ್ಕೆ. ಬ್ಯಾಲೆನ್ಸ್ ಹಿಡಿಯಲು ನಾವು ಸೊಂಟ ತಿರುಗಿಸಿ ಚಕ್ರವನ್ನೇ ತಿರುಚುತ್ತೇವೆ. ಹಾರಿ ಇಳಿಯುವಾಗ ಪೂರ್ತಿ ನೇರವಾಗಿ ಇಳಿಯುವುದು ಅಪರೂಪ. ಇಷ್ಟೂ ಬಲ ರಿಮ್ ಅನ್ನು ಪಕ್ಕಕ್ಕೆ ತಳ್ಳುತ್ತದೆ. ಇದನ್ನು ತಡೆಯುವುದು ಕಡ್ಡಿಗಳ ಓರೆ. ಅಂದರೆ ಹಬ್‌ನ ಎರಡು ಫ್ಲ್ಯಾಂಜ್‌ಗಳು (ಕಡ್ಡಿ ಸಿಕ್ಕಿಸುವ ತೂತುಗಳಿರುವ ತಟ್ಟೆಯಂಥ ಅಂಚುಗಳು) ಎಷ್ಟು ದೂರ ಇವೆ ಅನ್ನುವುದು.

ಅದೇ ಹಬ್ ಅನ್ನು ಬೇರೆ ಬೇರೆ ಅಳತೆಯ ಚಕ್ರಕ್ಕೆ ಹಾಕಿದರೆ ಏನಾಗುತ್ತದೆ ಅಂತ ಲೆಕ್ಕ ಮಾಡಿದೆ. ಪ್ರತಿ ಫ್ಲ್ಯಾಂಜ್ ಹಬ್‌ನ ನಟ್ಟನಡುವಿನಿಂದ 33 ಮಿ.ಮೀ. ದೂರ ಇದೆ ಅಂದುಕೊಂಡರೆ 20 ಇಂಚಿನ ಚಕ್ರದಲ್ಲಿ ಕಡ್ಡಿ ಸುಮಾರು 10 ಡಿಗ್ರಿ ಓರೆಯಾಗಿರುತ್ತದೆ. 26 ಇಂಚಿನದರಲ್ಲಿ 7 ಡಿಗ್ರಿ ಚಿಲ್ಲರೆ. 36 ಇಂಚಿನ ದೊಡ್ಡ ಚಕ್ರದಲ್ಲಿ ಬರೀ 5. ಪಕ್ಕಕ್ಕೆ ತಳ್ಳಿದಾಗ ಒಂದೊಂದು ಕಡ್ಡಿ ಕೊಡುವ ಬಲ ಈ ಓರೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ 26ಕ್ಕೆ ಹೋಲಿಸಿದರೆ 36 ಇಂಚಿನದು ಅರ್ಧದಷ್ಟು, 20 ಇಂಚಿನದು ಎರಡರಷ್ಟು. ಚಿಕ್ಕ ಚಕ್ರಗಳು ಏನು ಮಾಡಿದರೂ ತಡೆಯುವುದು, ದೊಡ್ಡವು ಬಲು ಬೇಗ ಓಲಾಡುವುದು ಇದಕ್ಕೇ. ದೊಡ್ಡ ಚಕ್ರಕ್ಕೆ ಅಗಲ ಹಬ್ ಬೇಕು ಅನ್ನುವ ಮಾತು ಸುಮ್ನೆ ಬಂದಿದ್ದಲ್ಲ.

ಯೂನಿಸೈಕಲ್ ಹಬ್‌ನ ಇನ್ನೊಂದು ಒಳ್ಳೆಯ ಗುಣ ಹೇಳಲೇಬೇಕು. ಸೈಕಲ್‌ನ ಹಿಂದಿನ ಚಕ್ರದಲ್ಲಿ ಗೇರ್ ಕೂರಲು ಜಾಗ ಬಿಡಬೇಕಾದ್ದರಿಂದ ಒಂದು ಕಡೆಯ ಕಡ್ಡಿಗಳು ಜಾಸ್ತಿ ಬಿಗಿ, ಇನ್ನೊಂದು ಕಡೆಯವು ಕಡಿಮೆ. ಇಲ್ಲಿ ಆ ಸಮಸ್ಯೆ ಇಲ್ಲ. ಎರಡೂ ಕಡೆ ಸರಿಸಮ. ಎಲ್ಲ ಕಡ್ಡಿಗಳೂ ಒಂದೇ ಉದ್ದ, ಎಲ್ಲಕ್ಕೂ ಒಂದೇ ಬಿಗಿ ಕೊಡಬಹುದು. ಚಕ್ರ ಕಟ್ಟಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಚಕ್ರ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಹಬ್ 36 ತೂತಿನದು, ಐಸಿಸ್ (ISIS, ಕ್ರ್ಯಾಂಕ್ ಕೂರಿಸುವ ಒಂದು ಪದ್ಧತಿ) ಮಾದರಿಯ ಹಲ್ಲಿನ ಆಕ್ಸಲ್ ಇರುವಂಥದ್ದು. ರಿಮ್ ಎರಡು ಗೋಡೆಯದು, ಅಗಲವಾದದ್ದು, ಅದಕ್ಕೂ 36 ತೂತು. ಒಂದೇ ಗೋಡೆಯ ರಿಮ್ ಹಾಕಿ ಹಾರಾಟಕ್ಕೆ ಇಳಿಯುವುದು ಬೇಡವೇ ಬೇಡ. ನಿಪ್ಪಲ್ ಹಿತ್ತಾಳೆಯದು. ಅಲ್ಯೂಮಿನಿಯಂ ನಿಪ್ಪಲ್ ಹಗುರ ನಿಜ, ಆದರೆ ಬಿಗಿ ಜಾಸ್ತಿಯಾದಾಗ ಅದರ ಮೂಲೆಗಳು ಬೇಗ ಸವೆಯುತ್ತವೆ, ಒದ್ದೆಯಲ್ಲಿ ಓಡಿಸಿದರೆ ತುಕ್ಕಿನಂಥದ್ದು ಹಿಡಿದು ಕಚ್ಚಿಕೊಳ್ಳುತ್ತದೆ. ಕೆಲವು ಗ್ರಾಂ ಉಳಿಸಲು ಆ ತೊಂದರೆ ಯಾಕೆ?

ಕಡ್ಡಿಯ ಉದ್ದಕ್ಕೆ ರಿಮ್‌ನ ಅಳತೆ ಸರಿಯಾಗಿ ಬೇಕು. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬದೆ ನಾನೇ ಅಳೆದೆ. ಎದುರುಬದುರಿನ ಎರಡು ತೂತಿಗೆ ಉದ್ದ ಗೊತ್ತಿರುವ ಹಳೆಯ ಕಡ್ಡಿಯ ತುಂಡುಗಳನ್ನು ನಿಪ್ಪಲ್ ಸಮೇತ ಹಾಕಿ, ಎಳೆದು ಹಿಡಿದು, ನಡುವಿನ ಅಂತರ ಅಳೆಯುವುದು. ಅದಕ್ಕೆ ಎರಡು ತುಂಡುಗಳ ಉದ್ದ ಸೇರಿಸಿದರೆ ನಿಪ್ಪಲ್ ಕೂರುವ ಜಾಗದ ವ್ಯಾಸ ಸಿಗುತ್ತದೆ. ರಿಮ್ ಪೂರ್ತಿ ದುಂಡಗೆ ಇರುವುದಿಲ್ಲ, ಅದಕ್ಕೆ ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆದೆ. 538 ಮಿ.ಮೀ. ಬಂತು. ಹಬ್‌ನ ತೂತುಗಳ ವೃತ್ತದ ವ್ಯಾಸ 60 ಮಿ.ಮೀ., ಫ್ಲ್ಯಾಂಜ್‌ನ ದೂರ 33, ಪ್ರತಿ ಕಡ್ಡಿ ಅದೇ ಪಕ್ಕದ ಮೂರು ಕಡ್ಡಿಗಳನ್ನು ದಾಟುವ ಹಾಗೆ ಕಟ್ಟಿದರೆ ಕೋನ 60 ಡಿಗ್ರಿ. ಲೆಕ್ಕಕ್ಕೆ ಬಂದ ಉದ್ದ 256 ಮಿ.ಮೀ. ಒಂದೆರಡು ಮಿ.ಮೀ. ಹೆಚ್ಚುಕಡಿಮೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಒಂದೋ ಕಡ್ಡಿಯ ತುದಿಯ ಮರೆ (ತಿರುಪಿನ ಗೆರೆಗಳು) ಸಾಲದೆ ಹೋಗುತ್ತದೆ, ಇಲ್ಲ ಕಡ್ಡಿಯ ತುದಿ ನಿಪ್ಪಲ್ ದಾಟಿ ಟ್ಯೂಬ್ ಕಡೆಗೆ ಚಾಚುತ್ತದೆ.

ಮೂರು ದಾಟು ಯಾಕೆ ಅಂತ ಹಲವರು ಕೇಳುತ್ತಾರೆ. ಹಬ್‌ನಿಂದ ನೇರವಾಗಿ ರಿಮ್‌ಗೆ ಹೋಗುವ ಕಟ್ಟು ಇಲ್ಲಿ ನಡೆಯುವುದಿಲ್ಲ. ಪೆಡಲ್ ತಿರುಗಿಸಿದ ಬಲ ಹಬ್‌ನಿಂದ ರಿಮ್‌ಗೆ ಹೋಗಬೇಕು, ಅದಕ್ಕೆ ಕಡ್ಡಿ ಹಬ್‌ನ ಅಂಚನ್ನು ಸವರಿಕೊಂಡು ಹೊರಡಬೇಕು. ಈ ಬಲ ಎಷ್ಟು? 70 ಕೆಜಿ ತೂಕದವರು 150 ಮಿ.ಮೀ. ಕ್ರ್ಯಾಂಕ್‌ನ ಒಂದೇ ಪೆಡಲ್ ಮೇಲೆ ಪೂರ್ತಿ ನಿಂತರೂ, 36 ಕಡ್ಡಿಗಳಿಗೆ ಹಂಚಿದಾಗ ಒಂದೊಂದರ ಬಿಗಿ ಬದಲಾಗುವುದು 11 ಕೆಜಿಯಷ್ಟು ಮಾತ್ರ. ಅರ್ಧ ಕಡ್ಡಿಗಳಲ್ಲಿ ಅಷ್ಟು ಏರುತ್ತದೆ, ಉಳಿದರ್ಧದಲ್ಲಿ ಅಷ್ಟು ಇಳಿಯುತ್ತದೆ. 110 ಕೆಜಿ ಬಿಗಿ ಇರುವ ಕಡ್ಡಿಗೆ ಇದು ಹತ್ತರಲ್ಲಿ ಒಂದು ಪಾಲು. ತುಳಿತದ ಬಲಕ್ಕೆ ಚಕ್ರ ಹಾಳಾಗುತ್ತದೆ ಅನ್ನುವುದು ಅಷ್ಟು ಸರಿಯಲ್ಲ ಅಂತ ಈ ಲೆಕ್ಕ ನೋಡಿದ ಮೇಲೆ ನನಗೆ ಖಾತ್ರಿಯಾಯಿತು. ಹಾಳು ಮಾಡುವುದು ಸಡಿಲ ಕಡ್ಡಿ ಮತ್ತು ಪಕ್ಕದ ಪೆಟ್ಟು.

ಕಟ್ಟುವ ಕೆಲಸ ಶುರುವಾಗುವ ಮೊದಲು ಪ್ರತಿ ಕಡ್ಡಿಯ ಮರೆಗೆ ಅಗಸೆ ಎಣ್ಣೆ ಸವರಿದೆ. ಕೆಲಸ ಮಾಡುವಾಗ ನಿಪ್ಪಲ್ ಸಲೀಸಾಗಿ ತಿರುಗುತ್ತದೆ. ಆಮೇಲೆ ಎಣ್ಣೆ ಒಣಗಿ ಅಂಟಿನ ಹಾಗಾಗಿ ನಿಪ್ಪಲ್ ತಾನಾಗಿ ಬಿಚ್ಚದಂತೆ ಹಿಡಿದುಕೊಳ್ಳುತ್ತದೆ. ರಿಮ್‌ನಲ್ಲಿ ನಿಪ್ಪಲ್ ಕೂರುವ ಜಾಗಕ್ಕೂ ಒಂದೊಂದು ಹನಿ ಎಣ್ಣೆ.

ಕಡ್ಡಿ ಹೆಣೆಯುವುದು ನೋಡಲು ಗೋಜಲು, ಮಾಡಲು ಸುಲಭ. 9ರಂತೆ ನಾಲ್ಕು ಗುಂಪು. ಮೊದಲ ಗುಂಪು ಬಲಗಡೆಯ ಫ್ಲ್ಯಾಂಜ್‌ನಲ್ಲಿ ಒಂದು ಬಿಟ್ಟು ಒಂದು ತೂತಿಗೆ, ರಿಮ್‌ನಲ್ಲಿ ವಾಲ್ವ್ ಪಕ್ಕದ ತೂತಿನಿಂದ ಶುರು ಮಾಡಿ ಪ್ರತಿ ನಾಲ್ಕನೆಯದಕ್ಕೆ. ಎರಡನೆಯದು ಎಡಗಡೆ ಅದೇ ರೀತಿ. ಎಡ ಫ್ಲ್ಯಾಂಜ್‌ನ ತೂತುಗಳು ಬಲದ ತೂತುಗಳ ನಡುವೆ ಬರುತ್ತವೆ, ಅದನ್ನು ಗಮನಿಸಿ ಮೊದಲ ಕಡ್ಡಿ ಸರಿಯಾಗಿ ಹಾಕಿದರೆ ಉಳಿದದ್ದು ತಾನಾಗಿ ಬರುತ್ತದೆ. ಆಮೇಲೆ ಹಬ್ ಅನ್ನು ಕೈಯಲ್ಲಿ ತಿರುಗಿಸಿ, ಎದುರು ದಿಕ್ಕಿಗೆ ಹೋಗುವ ಕಡ್ಡಿಗಳನ್ನು ಹಾಕುವುದು. ಪ್ರತಿಯೊಂದೂ ಎರಡರ ಮೇಲೆ ಹಾದು ಮೂರನೆಯದರ ಕೆಳಗೆ ನುಸುಳಬೇಕು. ವಾಲ್ವ್‌ನ ಎರಡು ಪಕ್ಕದ ಕಡ್ಡಿಗಳು ಒಂದರಿಂದೊಂದು ದೂರ ಸರಿದು ಪಂಪ್‌ನ ತಲೆಗೆ ಜಾಗ ಬಿಟ್ಟಿದ್ದರೆ ಹೆಣಿಗೆ ಸರಿಯಾಗಿದೆ ಅಂತ ತಿಳಿಯಬಹುದು.

ಹೆಣಿಗೆ ಮುಗಿದ ಮೇಲೆ ಎಲ್ಲ ನಿಪ್ಪಲ್‌ಗಳನ್ನೂ ಮರೆ ಕಣ್ಣಿಗೆ ಕಾಣದಷ್ಟು ತಿರುಗಿಸಿದೆ. ಇದನ್ನು ತಾಳ್ಮೆಯಿಂದ ಮಾಡಿದರೆ ಮುಂದಿನ ಅರ್ಧ ಕೆಲಸ ಉಳಿಯುತ್ತದೆ. ಎಲ್ಲವೂ ಒಂದೇ ಜಾಗದಿಂದ ಹೊರಟರೆ ಬಿಗಿಯೂ ಒಂದೇ ಸಮ ಏರುತ್ತದೆ.

ಬೆಂಡ್ ತೆಗೆಯುವ ಸ್ಟ್ಯಾಂಡ್‌ನಲ್ಲಿ ಯೂನಿಸೈಕಲ್ ಹಬ್ ಕೂರುವುದಿಲ್ಲ. ಅದರ ಬೇರಿಂಗ್ ಹೊರಗಡೆ ಇರುತ್ತದೆ, ಹಿಡಿಯಲು ಬೇಕಾದ ತೆಳು ಆಕ್ಸಲ್ ಇಲ್ಲ. ಹಾಗಾಗಿ ಯೂನಿಸೈಕಲ್‌ನ ಫ್ರೇಮನ್ನೇ ತಲೆಕೆಳಗು ಮಾಡಿ ವೈಸ್‌ಗೆ ಕಚ್ಚಿಸಿದೆ. ಬೇರಿಂಗ್ ಕ್ಯಾಪ್‌ಗಳನ್ನು ಹಗುರವಾಗಿ ಬಿಗಿದೆ. ಅವನ್ನು ಜಾಸ್ತಿ ಬಿಗಿದರೆ ಬೇರಿಂಗ್ ಹಿಂಡಿಕೊಂಡು ಚಕ್ರ ಸಲೀಸಾಗಿ ತಿರುಗುವುದಿಲ್ಲ. ಫ್ರೇಮ್‌ನ ಎರಡೂ ಕಾಲಿಗೆ ಪ್ಲಾಸ್ಟಿಕ್ ಟೈ ಕಟ್ಟಿ, ಅದರ ಬಾಲ ರಿಮ್‌ಗೆ ಕೂದಲೆಳೆ ದೂರದಲ್ಲಿ ನಿಲ್ಲುವ ಹಾಗೆ ಕತ್ತರಿಸಿದೆ. ಇಷ್ಟೇ ಸ್ಟ್ಯಾಂಡ್. ಫ್ರೇಮ್ ಸೊಟ್ಟ ಇದ್ದರೆ? ಚಕ್ರ ತೆಗೆದು ಎಡಬಲ ಬದಲಿಸಿ ಮತ್ತೆ ಹಾಕಿ ನೋಡುವುದು. ಎರಡೂ ಸಲ ಅಂತರ ಒಂದೇ ಇದ್ದರೆ ರಿಮ್ ನಟ್ಟನಡುವೆ ಇದೆ. ಬದಲಾದರೆ, ಬದಲಾದದ್ದರ ಅರ್ಧ ಚಕ್ರದ ತಪ್ಪು.

ಇನ್ನು ಬಿಗಿ ಏರಿಸುವ ಕೆಲಸ. ಒಂದು ಪೂರ್ತಿ ಸುತ್ತಿಗೆ ನಿಪ್ಪಲ್ ಸರಿಯುವುದು ಸುಮಾರು 0.45 ಮಿ.ಮೀ. ಕಾಲು ಸುತ್ತು ಅಂದರೆ 0.11. ಕಡ್ಡಿ ಹಿಗ್ಗುವುದೇ ಅರ್ಧ ಮಿ.ಮೀ. ಅಂತ ನೆನಪಿದ್ದರೆ ಕಾಲು ಸುತ್ತು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಮೊದಮೊದಲು ಎಲ್ಲಕ್ಕೂ ಅರ್ಧರ್ಧ ಸುತ್ತು, ಬಿಗಿ ಬಂದ ಮೇಲೆ ಕಾಲು, ಕೊನೆಗೆ ಅದಕ್ಕೂ ಕಡಿಮೆ. ರಿಮ್‌ನ ಮೇಲೆ-ಕೆಳಗಿನ ಏರಿಳಿತವನ್ನು ಬಿಗಿ ಕಡಿಮೆ ಇರುವಾಗಲೇ ತೆಗೆಯಬೇಕು. ಪೂರ್ತಿ ಬಿಗಿಯಾದ ಮೇಲೆ ಅದು ಜಗ್ಗುವುದಿಲ್ಲ. ಪಕ್ಕದ ಓಲಾಟವನ್ನು ಯಾವಾಗ ಬೇಕಾದರೂ ತೆಗೆಯಬಹುದು: ಎಡಕ್ಕೆ ಬಂದಿದ್ದರೆ ಬಲದ ಕಡ್ಡಿಗೆ ಸ್ವಲ್ಪ ಬಿಗಿ, ಎಡದ್ದಕ್ಕೆ ಅಷ್ಟೇ ಸಡಿಲ. ಹೀಗೆ ಮಾಡಿದರೆ ಸರಾಸರಿ ಬಿಗಿ ಕೆಡುವುದಿಲ್ಲ.

ಬಿಗಿ ಜಾಸ್ತಿಯಾಗುತ್ತಾ ಹೋದಂತೆ ಒಂದು ಹೊಸ ತೊಂದರೆ ಶುರುವಾಗುತ್ತದೆ. ನಿಪ್ಪಲ್ ತಿರುಗಿಸಿದರೆ ಕಡ್ಡಿಯೂ ಅದರ ಜೊತೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಸ್ಪೋಕ್ ಕೀ ತಿರುಗಿದ್ದು ಕಾಣುತ್ತದೆ, ಮರೆ ಮಾತ್ರ ಸರಿದಿರುವುದಿಲ್ಲ. ಆಮೇಲೆ ಓಡಿಸುವಾಗ ಆ ತಿರುಚು ಬಿಚ್ಚಿಕೊಂಡು ಚಕ್ರ ಮತ್ತೆ ಓಲಾಡುತ್ತದೆ. ಇದನ್ನು ಕಣ್ಣಿಗೆ ಕಾಣಿಸಲು ಕೆಲವು ಕಡ್ಡಿಗಳಿಗೆ ಬಾವುಟದ ಹಾಗೆ ಚಿಕ್ಕ ಟೇಪ್ ಅಂಟಿಸಿದೆ. ಟೇಪ್ ಎಷ್ಟು ತಿರುಗಿತೋ ಅಷ್ಟು ಮುಂದೆ ಹೋಗಿ, ಅಷ್ಟೇ ಹಿಂದಕ್ಕೆ ಬಂದರೆ ಕಡ್ಡಿ ನೇರವಾಗಿ ನಿಲ್ಲುತ್ತದೆ.

ಬಿಗಿ ಎಷ್ಟಿದೆ ಅಂತ ತಿಳಿಯುವುದು ಹೇಗೆ? ಟೆನ್ಷನ್ ಮೀಟರ್ ಇತ್ತು. ಪಾರ್ಕ್ ಟೂಲ್‌ನ ಟಿಎಂ-1 ಅಂತ, ಅದರ ಜೊತೆ ಬರುವ ಪಟ್ಟಿಯಲ್ಲಿ ಕಡ್ಡಿಯ ದಪ್ಪ ನೋಡಿ ಕೆಜಿ ಲೆಕ್ಕ ಓದಿಕೊಳ್ಳಬೇಕು. ಆದರೆ ಸರಿಸಮ ಇದೆಯೇ ಅಂತ ನೋಡಲು ನನಗೆ ಕಿವಿಯೇ ಜಾಸ್ತಿ ಹಿಡಿಸಿತು. ಕಡ್ಡಿಯನ್ನು ಬೆರಳಿನಿಂದ ಮೀಟಿದರೆ ಒಂದು ಸ್ವರ ಬರುತ್ತದೆ. ಬಿಗಿ ಏರಿದರೆ ಶ್ರುತಿ ಏರುತ್ತದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ. ಒಂದು ಅರ್ಧಸ್ವರ ಮೇಲೆ ಹೋದರೆ ಬಿಗಿ ಸುಮಾರು 12 ಪ್ರತಿಶತ ಜಾಸ್ತಿಯಾಗಿದೆ ಅಂತ ಅರ್ಥ. ಅರ್ಧಸ್ವರದ ವ್ಯತ್ಯಾಸ ಹೆಚ್ಚಿನವರ ಕಿವಿಗೆ ಗೊತ್ತಾಗುತ್ತದೆ. ಸೈಕಲ್‌ನ ಹಿಂದಿನ ಚಕ್ರದಲ್ಲಿ ಎರಡು ಪಕ್ಕಕ್ಕೆ ಎರಡು ಶ್ರುತಿ. ಯೂನಿಸೈಕಲ್‌ನಲ್ಲಿ 36 ಕಡ್ಡಿಗಳೂ ಒಂದೇ ಶ್ರುತಿಗೆ ಬರಬೇಕು. ಮೀಟುವಾಗ ಕೊನೆಯ ದಾಟಿನಿಂದ ರಿಮ್‌ವರೆಗಿನ ಭಾಗವನ್ನೇ ಮೀಟಬೇಕು, ಎಲ್ಲದರಲ್ಲೂ ಒಂದೇ ಜಾಗದಲ್ಲಿ.

ಪಾರ್ಕ್ ಟೂಲ್‌ನವರು ಸರಾಸರಿಯಿಂದ 20 ಪ್ರತಿಶತ ಒಳಗೆ ಇದ್ದರೆ ಸಾಕು ಅನ್ನುತ್ತಾರೆ. ಹಾರಾಟದ ಯೂನಿಸೈಕಲ್‌ಗೆ ಅಷ್ಟು ಸಾಲದು ಅನ್ನುವುದು ನನ್ನ ಅಭಿಪ್ರಾಯ. ನಾನು 5 ಪ್ರತಿಶತಕ್ಕೆ ತರಲು ನೋಡಿದೆ, ರಿಮ್‌ನ ಎರಡು ತುದಿ ಕೂಡುವ ಜೋಡಣೆಯ ಹತ್ತಿರದ ಕಡ್ಡಿಗಳನ್ನು ಬಿಟ್ಟು ಉಳಿದವು ಬಂದವು. ಜೋಡಣೆಯ ಹತ್ತಿರ ರಿಮ್ ತಾನೇ ಸ್ವಲ್ಪ ಸೊಟ್ಟ ಇರುತ್ತದೆ. ಅಲ್ಲಿ ರಿಮ್ ಪೂರ್ತಿ ನೇರ ಬೇಕೋ, ಬಿಗಿ ಸರಿಸಮ ಬೇಕೋ ಅಂತ ಆರಿಸಬೇಕಾಗುತ್ತದೆ. ನಾನು ಬಿಗಿಯ ಕಡೆ ವಾಲಿದೆ. ಅರ್ಧ ಮಿ.ಮೀ. ಓಲಾಟ ದಪ್ಪ ಟೈರ್ ಇರುವ ಚಕ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಡಿಲ ಕಡ್ಡಿ ಮಾತ್ರ ಇವತ್ತಲ್ಲ ನಾಳೆ ಗೊತ್ತಾಗಿಯೇ ಆಗುತ್ತದೆ.

ರಿಮ್ ತಯಾರಕರು ಹೇಳಿದ ಮಿತಿ 120 ಕೆಜಿ. 110ರ ಹತ್ತಿರ ನಿಲ್ಲಿಸಿದೆ. 36 ಕಡ್ಡಿಗಳ ಎಳೆತ ಸೇರಿಸಿದರೆ ಸುಮಾರು 4 ಟನ್. ಅಷ್ಟು ಬಲ ಆ ತೆಳು ಅಲ್ಯೂಮಿನಿಯಂ ಬಳೆಯನ್ನು ಒಳಕ್ಕೆ ಹಿಂಡುತ್ತಿರುತ್ತದೆ, ಅದಕ್ಕೇ ಮಿತಿ ದಾಟಬಾರದು.

ಇದರ ನಡುವೆ ಮಾಡಬೇಕಾದ ಮುಖ್ಯ ಕೆಲಸ ಕಡ್ಡಿಗಳನ್ನು ಹಿಂಡುವುದು. ಒಂದೇ ಪಕ್ಕದ, ಒಂದೇ ದಿಕ್ಕಿಗೆ ಹೋಗುವ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಶಕ್ತಿಯೆಲ್ಲ ಹಾಕಿ ಒತ್ತುವುದು. ದಪ್ಪ ಗ್ಲವ್ಸ್ ಬೇಕು. ಹೊಸ ಕಡ್ಡಿಯ ಬಾಗಿನಲ್ಲಿ ತಯಾರಿಸುವಾಗಲೇ ಉಳಿದುಕೊಂಡ ಒಳಬಿಗಿ ಇರುತ್ತದೆ. ಒಂದು ಕ್ಷಣ ಜೋರಾಗಿ ಎಳೆದರೆ ಆ ಜಾಗದ ಲೋಹ ಸ್ವಲ್ಪ ಜಗ್ಗಿ ಒಳಬಿಗಿ ಇಳಿದುಹೋಗುತ್ತದೆ. ಕಡ್ಡಿಯ ತಲೆ ಹಬ್‌ನ ತೂತಿನಲ್ಲಿ ಸರಿಯಾಗಿ ಕೂರುತ್ತದೆ. ದಣಿದು ಮುರಿಯುವುದನ್ನು ತಡೆಯಲು ಇದಕ್ಕಿಂತ ದೊಡ್ಡ ಉಪಾಯ ಇಲ್ಲ, ಖರ್ಚೂ ಇಲ್ಲ. ಫ್ಲ್ಯಾಂಜ್‌ನ ಹೊರಗಿಂದ ಬರುವ ಕಡ್ಡಿಗಳನ್ನು ಹೆಬ್ಬೆರಳಿನಿಂದ ಫ್ಲ್ಯಾಂಜ್‌ಗೆ ಒತ್ತಿ ಕೂರಿಸಿದೆ. ಪ್ರತಿ ಸುತ್ತು ಹಿಂಡಿದ ಮೇಲೆ ಬಿಗಿ ಸ್ವಲ್ಪ ಇಳಿಯುತ್ತದೆ, ಮತ್ತೆ ಏರಿಸಬೇಕು. ಹಿಂಡಿದಾಗ ಚಕ್ರ ದೊಡ್ಡ ಎರಡು ಅಲೆಯಾಗಿ ಬಾಗಿದರೆ ಬಿಗಿ ಮಿತಿ ಮೀರಿದೆ ಅಂತ ಅರ್ಥ, ಎಲ್ಲವನ್ನೂ ಅರ್ಧ ಸುತ್ತು ಇಳಿಸಬೇಕು. ನನ್ನದರಲ್ಲಿ ಅದು ಬರಲಿಲ್ಲ.

ಕ್ರ್ಯಾಂಕ್ ಹಾಕುವಾಗ ಯೂನಿಸೈಕಲ್‌ಗೆ ಮಾತ್ರ ಸೇರಿದ ಒಂದು ವಿಷಯ ಇದೆ. ನಾವು ಹಾರುವುದು, ಇಳಿಯುವುದು, ನಿಂತಲ್ಲೇ ಹಿಂದೆ ಮುಂದೆ ಆಡುವುದು ಎಲ್ಲವೂ ಕ್ರ್ಯಾಂಕ್ ಅಡ್ಡ ಇರುವಾಗ, ಇಲ್ಲವೇ ಅದರ ಆಸುಪಾಸಿನಲ್ಲಿ. ಮುಂದೆ ಇಡುವ ಕಾಲೂ ಹೆಚ್ಚಾಗಿ ಒಂದೇ. ಕ್ರ್ಯಾಂಕ್ ಚಕ್ರಕ್ಕೇ ಕೂತಿರುವುದರಿಂದ ಪ್ರತಿ ಸಲ ನೆಲಕ್ಕೆ ಬಡಿಯುವುದು ರಿಮ್‌ನ ಅದೇ ಜಾಗ. ಸೈಕಲ್‌ನಲ್ಲಿ ಹೀಗಾಗುವುದಿಲ್ಲ. ಟೈರ್ ಒಂದೇ ಕಡೆ ಸವೆಯುವುದನ್ನು ನೋಡಿದವರಿಗೆ ಇದು ಗೊತ್ತು. ಹಾಗಾಗಿ ಕ್ರ್ಯಾಂಕ್‌ನ ಗೆರೆ ಮತ್ತು ವಾಲ್ವ್‌ನಿಂದ ರಿಮ್ ಜೋಡಣೆಗೆ ಎಳೆದ ಗೆರೆ ಹೆಚ್ಚುಕಡಿಮೆ ಒಂದೇ ಇರುವ ಹಾಗೆ ಕ್ರ್ಯಾಂಕ್ ಕೂರಿಸಿದೆ. ವಾಲ್ವ್ ತೂತು ಮತ್ತು ಅದರ ಎದುರಿನ ಜೋಡಣೆ ರಿಮ್‌ನ ದುರ್ಬಲ ಜಾಗಗಳು. ಕ್ರ್ಯಾಂಕ್ ಅಡ್ಡ ಇರುವಾಗ ಅವೆರಡೂ ಮುಂದೆ ಮತ್ತು ಹಿಂದೆ ಇರುತ್ತವೆ, ಪೆಟ್ಟು ಬೀಳುವ ಜಾಗ ಅವುಗಳಿಂದ 90 ಡಿಗ್ರಿ ದೂರ.

ಐಸಿಸ್ ಆಕ್ಸಲ್‌ನಲ್ಲಿ 10 ಹಲ್ಲು. ಎರಡೂ ಕ್ರ್ಯಾಂಕ್‌ಗಳನ್ನು ಒಂದೊಂದು ಹಲ್ಲು ಸರಿಸಿದರೆ ಪೆಟ್ಟು ಬೀಳುವ ಜಾಗ 36 ಡಿಗ್ರಿ ಸರಿಯುತ್ತದೆ. 26 ಇಂಚಿನ ಟೈರ್‌ನಲ್ಲಿ ಅದು ಸುಮಾರು 20 ಸೆಂ.ಮೀ. ಹತ್ತು ಜಾಗಗಳಲ್ಲಿ ನಾಲ್ಕು ವಾಲ್ವ್ ಅಥವಾ ಜೋಡಣೆಗೆ ತೀರಾ ಹತ್ತಿರ, ಉಳಿದ ಆರು ಒಳ್ಳೆಯವು. ಹಾಗಂತ ಪದೇ ಪದೇ ಕ್ರ್ಯಾಂಕ್ ಕಳಚಬಾರದು, ಹಲ್ಲು ಸವೆಯುತ್ತದೆ. ಟೈರ್ ಬದಲಿಸುವಾಗ ಮಾಡಿದರೆ ಸಾಕು.

ಮೊದಲ ಓಟದಲ್ಲಿ ಎರಡು ಮೂರು ಸಲ ಟಿಂಗ್ ಅಂತ ಸದ್ದು ಬಂತು, ಕಡ್ಡಿಯಲ್ಲಿ ಉಳಿದಿದ್ದ ತಿರುಚು ಬಿಚ್ಚಿದ್ದು. ಕೆಲವು ಕಡೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಸರಿ ಮಾಡಿದೆ. ಅದಾದ ಮೇಲೆ ಮೆಟ್ಟಿಲು, ಬಂಡೆ ಎಲ್ಲ ಆಗಿದೆ. ಗೆಳೆಯನೂ ಓಡಿಸಿದ, ಅವನು ನನಗಿಂತ ತೂಕದವನು. ತುಳಿದರೆ ಚಕ್ರ ಪಕ್ಕಕ್ಕೆ ಜಗ್ಗುವುದಿಲ್ಲ, ಇಳಿದ ಮೇಲೆ ಸುಮ್ಮನೆ ನಿಲ್ಲುತ್ತದೆ, ಹಳೆಯ ಟಿಕ್ ಟಿಕ್ ಇಲ್ಲ. ಇದು ನನಗೆ ಕೊಟ್ಟ ಸಂತೋಷ ದೊಡ್ಡದು.

ನೋಡಿಕೊಳ್ಳುವುದು ಸುಲಭ. ಆಗಾಗ ಚಕ್ರ ತಿರುಗಿಸಿ ಕಡ್ಡಿಗಳನ್ನು ಮೀಟುತ್ತೇನೆ. ಮೊದಲು ಪೆಟ್ಟು ಬೀಳುವ ಜಾಗದ ಕಡ್ಡಿಗಳು, ಶ್ರುತಿ ಇಳಿಯುವುದಿದ್ದರೆ ಅಲ್ಲೇ ಮೊದಲು ಇಳಿಯುತ್ತದೆ. ಕಲ್ಲಿಗೆ ತಾಗಿ ಒಂದು ಕಡ್ಡಿ ಮುರಿದರೆ ಅದೊಂದನ್ನು ಬದಲಿಸಿದರೆ ಆಯಿತು. ಬಾಗಿನಲ್ಲಿ ತಾನಾಗಿ ಮುರಿಯಲು ಶುರುವಾದರೆ ಉಳಿದವುಗಳೂ ಅಷ್ಟೇ ದಣಿದಿವೆ ಅಂತ ತಿಳಿದು ಎಲ್ಲವನ್ನೂ ತೆಗೆದು ಹೊಸದು ಹಾಕಬೇಕು. ಹಬ್ ಮತ್ತು ರಿಮ್ ಸರಿ ಇದ್ದರೆ ಅವೇ ಸಾಕು.

ಗೆಳೆಯ ಈಗ ತನ್ನ 36 ಇಂಚಿನ ಚಕ್ರ ತಂದಿಟ್ಟಿದ್ದಾನೆ, ಅದನ್ನೂ ಕಟ್ಟಿಕೊಡು ಅಂತ. ಅದರ ಹಬ್ ಕಿರಿದು. ಮೊದಲು ಅಗಲದ ಹಬ್ ತಾ, ಕಡ್ಡಿಯ ಉದ್ದ ಆಮೇಲೆ ಲೆಕ್ಕ ಹಾಕೋಣ ಅಂತ ಹೇಳಿದ್ದೇನೆ.